ತುಷ್ಟಿರೂಪಿಣಿ: ಇಳಿವಯಸ್ಸಿನ ನಿತ್ಯವ್ರತ

ಶರನ್ನವರಾತ್ರಿಯ ದಿನಗಳಲ್ಲಿ ಆಸ್ತಿಕರ ಮನೆಗಳಲ್ಲಿ ದೇವೀಮಹಾತ್ಮೆಯ ಪಾರಾಯಣ ನಡೆಯುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಮಾರ್ಕಂಡೇಯ ಪುರಾಣದ ಅಂತರ್ಗತವಾದ, 13 ಅಧ್ಯಾಯಗಳ ಈ ಗ್ರಂಥಕ್ಕೆ ಸಪ್ತಶತೀ ಎಂಬ ಹೆಸರೂ ಉಂಟು. ಕನ್ನಡದಲ್ಲಿ ಚಿದಾನಂದಾವಧೂತರು ದೇವಿಯ ಮಹಿಮೆಯನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿದ್ದಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ನವರಾತ್ರಿಯೆಂದರೆ ದೇವೀಪುರಾಣದ ಪಠನ ಮತ್ತು ಪ್ರವಚನದ ಕಾಲವೇ ಆಗಿದೆ.

ಪುರಾಣ ಕೇಳಿ ಎದ್ದವರ ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಯುದ್ಧದ ಪ್ರಸಂಗಗಳು: ಮಹಿಷಾಸುರನ ಮರ್ದನ, ರಕ್ತಬೀಜನ ಸಂಹಾರ, ಶುಂಭ ನಿಶುಂಭರ ಅಂತ್ಯ. ಆದರೆ ಈ ಗ್ರಂಥ ಆರಂಭವಾಗುವುದು ಯುದ್ಧಭೂಮಿಯಲ್ಲಲ್ಲ. ಮನೆಯನ್ನು ಕಳೆದುಕೊಂಡು ಬಂದ ಇಬ್ಬರು ಮನುಷ್ಯರು ಒಂದು ಆಶ್ರಮದ ಬಳಿ ಸಂಧಿಸಿ, ತಮ್ಮ ತಮ್ಮ ಚಿಂತೆಯನ್ನು ಹೇಳಿಕೊಳ್ಳುವುದರಿಂದ ಅದು ಆರಂಭವಾಗುತ್ತದೆ. ಇಳಿವಯಸ್ಸಿನಲ್ಲಿ ನೆಮ್ಮದಿಯನ್ನು ಅರಸುವವರಿಗೆ ಈ ಪೀಠಿಕೆಯಲ್ಲಿಯೂ ಇದಕ್ಕೆ ಹೊಂದಿಕೊಂಡ ಕೊನೆಯ ಅಧ್ಯಾಯದಲ್ಲಿಯೂ ಒಂದು ಸ್ಪಷ್ಟವಾದ ಉಪದೇಶವಿದೆ.

ಅರಸ ಮತ್ತು ವೈಶ್ಯ

ಸುರಥನೆಂಬ ರಾಜನು ಪ್ರಜೆಗಳನ್ನು ಸ್ವಂತ ಮಕ್ಕಳಂತೆ ಪಾಲಿಸುತ್ತಿದ್ದನು. ಶತ್ರುಗಳಿಂದ ಅವನಿಗೆ ಸೋಲಾಯಿತು. ಅಳಿದುಳಿದ ಸಂಪತ್ತನ್ನೂ ಸೈನ್ಯವನ್ನೂ ಅವನ ಮಂತ್ರಿಗಳೇ ಅಪಹರಿಸಿದರು. ಬೇಟೆಯ ನೆಪ ಹೇಳಿ ಒಬ್ಬನೇ ಕುದುರೆಯೇರಿ ಕಾಡಿಗೆ ಹೊರಟುಹೋದ ಅವನಿಗೆ ಮೇಧಸ ಮುನಿಯ ಆಶ್ರಮದಲ್ಲಿ ಆದರ ದೊರೆಯಿತು. ಅಲ್ಲಿ ಕ್ರೂರ ಮೃಗಗಳೂ ಶಾಂತವಾಗಿದ್ದುವು. ಶಾಂತವಾಗದೆ ಉಳಿದದ್ದು ಅರಸನ ಮನಸ್ಸೊಂದೇ. ತನ್ನ ಹಿರಿಯರು ಕಾಪಾಡಿಕೊಂಡು ಬಂದ ಪಟ್ಟಣವನ್ನು ಈಗ ಯಾರು ಹೇಗೆ ನೋಡಿಕೊಳ್ಳುತ್ತಿರುವರೋ, ತನ್ನ ಪಟ್ಟದಾನೆಗೆ ಹೊತ್ತಿಗೆ ಸರಿಯಾಗಿ ಮೇವು ಸಿಗುತ್ತಿದೆಯೋ ಇಲ್ಲವೋ, ಕಷ್ಟಪಟ್ಟು ಕೂಡಿಟ್ಟ ಭಂಡಾರವು ದುಂದುಗಾರರ ಕೈಯಲ್ಲಿ ಕರಗುತ್ತಿರಬಹುದಲ್ಲವೇ ಎಂದು ಅವನು ಹಗಲಿರುಳು ಕೊರಗಿದನು.

ಅದೇ ಆಶ್ರಮದ ಸಮೀಪದಲ್ಲಿ ಅವನಿಗೆ ಸಮಾಧಿಯೆಂಬ ವೈಶ್ಯನ ಭೇಟಿಯಾಯಿತು. ಸಿರಿವಂತರ ಮನೆಯಲ್ಲಿ ಹುಟ್ಟಿದ ಅವನನ್ನು ಹಣದಾಸೆಯಿಂದ ಹೆಂಡತಿ ಮಕ್ಕಳೇ ಹೊರಗೆ ಹಾಕಿದ್ದರು. ಅವನ ವಯಸ್ಸೆಷ್ಟೆಂದು ಪುರಾಣ ಹೇಳುವುದಿಲ್ಲ. ತಂದೆಯನ್ನು ಹೊರದೂಡುವಷ್ಟು ಮಕ್ಕಳು ಬೆಳೆದಿದ್ದರೆಂಬುದಷ್ಟೇ ತಿಳಿಯುತ್ತದೆ. ಆದರೂ ಅವನ ಚಿಂತೆ ಆಸ್ತಿಯದಲ್ಲ. ಮಕ್ಕಳು ಕ್ಷೇಮದಿಂದಿರುವರೇ, ಒಳ್ಳೆಯ ನಡತೆಯಲ್ಲಿರುವರೇ ಎಂಬುದೇ ಅವನ ಕಳವಳ. ಹೊರಗೆ ಹಾಕಿದವರ ಮೇಲೆ ಇಷ್ಟೊಂದು ಮಮತೆಯೇಕೆ ಎಂದು ಅರಸ ಕೇಳಿದಾಗ, ಆ ಪ್ರಶ್ನೆ ತನ್ನಲ್ಲಿಯೂ ಹುಟ್ಟಿದೆ, ಆದರೇನು ಮಾಡಲಿ, ಮನಸ್ಸು ಕಲ್ಲಾಗುತ್ತಿಲ್ಲ ಎಂಬ ಅರ್ಥದ ಉತ್ತರವನ್ನು ವೈಶ್ಯ ಕೊಡುತ್ತಾನೆ.

ಇಬ್ಬರೂ ಮುನಿಯ ಬಳಿಗೆ ಹೋಗಿ, ತಿಳಿದೂ ತಿಳಿದೂ ಹೀಗೇಕಾಗುತ್ತದೆಂದು ಕೇಳುತ್ತಾರೆ. ಮುನಿ ಅವರಿಗೆ ಹಕ್ಕಿಗಳನ್ನು ತೋರಿಸುತ್ತಾನೆ. ತಾವು ಹಸಿದಿದ್ದರೂ ಹಕ್ಕಿಗಳು ಕಾಳನ್ನು ಮರಿಗಳ ಕೊಕ್ಕಿಗೆ ಹಾಕುತ್ತವೆ. ಮನುಷ್ಯನಾದರೋ ಮಕ್ಕಳನ್ನು ಸಾಕುವಾಗ ಪ್ರತ್ಯುಪಕಾರದ ಆಸೆಯನ್ನೂ ಜೊತೆಯಲ್ಲಿ ಸಾಕುತ್ತಾನೆ. ಇದು ಮಹಾಮಾಯೆಯ ಪ್ರಭಾವ ಎಂದು ಹೇಳಿ ಮುನಿಯು ದೇವಿಯ ಚರಿತ್ರೆಯನ್ನು ಆರಂಭಿಸುತ್ತಾನೆ.

ಮಹಾನಗರದ ಸುರಥರು

ಈ ಕಥೆಯನ್ನು ಮಹಾನಗರದಲ್ಲಿ ನೆಲಸಿದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಧಾರವಾಡದ ಕಡೆಯ ಒಬ್ಬ ನಿವೃತ್ತ ಶಿಕ್ಷಕರನ್ನು ಕಲ್ಪಿಸಿಕೊಳ್ಳಬಹುದು. ಪತ್ನಿ ತೀರಿಕೊಂಡ ಮೇಲೆ ಅವರು ಮುಂಬಯಿಯಲ್ಲೋ ಪುಣೆಯಲ್ಲೋ ಇರುವ ಮಗನ ಫ್ಲಾಟಿಗೆ ಬಂದಿರುತ್ತಾರೆ. ಮಗ ಸೊಸೆ ಒಳ್ಳೆಯವರೇ. ಊಟ ಉಪಚಾರಕ್ಕೆ ಕೊರತೆಯಿಲ್ಲ. ಆದರೆ ಬೆಳಗಿನ ಎಂಟು ಗಂಟೆಗೆ ಮನೆಯವರೆಲ್ಲ ಹೊರಟುಹೋದ ಮೇಲೆ, ಏಳನೆಯ ಮಹಡಿಯ ಕಿಟಕಿಯ ಬಳಿ ಕುಳಿತವರ ಮನಸ್ಸು ಊರಿಗೆ ಹೊರಡುತ್ತದೆ. ಅಂಗಳದ ತುಳಸಿಗೆ ನೀರು ಹಾಕುವವರಾರು? ಮಳೆಗಾಲಕ್ಕೆ ಮುಂಚೆ ಬಾಡಿಗೆಯವರು ಹೆಂಚು ಸರಿಪಡಿಸಿದರೇ? ಸುರಥನ ಪಟ್ಟದಾನೆಯೇ ಇಲ್ಲಿ ತುಳಸೀಕಟ್ಟೆಯಾಗಿದೆ.

ತಾಯಂದಿರ ಸಂಕಟ ಇನ್ನೊಂದು ಬಗೆಯದು. ನಲವತ್ತು ವರ್ಷ ಅಡುಗೆಮನೆಯನ್ನು ಆಳಿದವರಿಗೆ ಸೊಸೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೇಳಬೇಕಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲದಿರಬಹುದು. ಆದರೂ ಅಧಿಕಾರ ಹೋದ ನೋವು ನಿಜವಾದದ್ದು. ಮಕ್ಕಳಿಗಾಗಿ ಇಷ್ಟೆಲ್ಲ ಮಾಡಿದೆವಲ್ಲ ಎಂಬ ಲೆಕ್ಕ ಆಗ ಮನಸ್ಸಿನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಮುನಿ ಹೇಳಿದ ಪ್ರತ್ಯುಪಕಾರದ ಆಸೆ ಇದೇ. ಆ ಲೆಕ್ಕವು ಎಂದಿಗೂ ಸರಿಹೊಂದುವುದಿಲ್ಲ. ಸರಿಹೊಂದದ ಲೆಕ್ಕವನ್ನು ದಿನವೂ ಬರೆಯುವವರಿಗೆ ನೆಮ್ಮದಿಯೂ ಇಲ್ಲ.

ಕೇಳಿದ ಮೇಲೆ ಮಾಡಿದ್ದು

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸುರಥನಿಗೂ ಸಮಾಧಿಗೂ ತಿಳಿವಳಿಕೆಯ ಕೊರತೆ ಇರಲಿಲ್ಲ. ತಮ್ಮ ಮಮತೆಗೆ ಅರ್ಥವಿಲ್ಲವೆಂಬುದನ್ನು ಅವರು ಮೊದಲೇ ಬಲ್ಲರು. ಮುನಿಯಿಂದ ಸಂಪೂರ್ಣ ಚರಿತ್ರೆಯನ್ನು ಕೇಳಿದ ಮೇಲೆಯೂ ಅವರ ಸಮಸ್ಯೆ ಅಷ್ಟರಿಂದಲೇ ಬಗೆಹರಿಯಿತೆಂದು ಪುರಾಣ ಹೇಳುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಅವರು ನದಿಯ ಮರಳದಂಡೆಗೆ ಹೋಗುತ್ತಾರೆ. ಮಣ್ಣಿನಿಂದ ದೇವಿಯ ಮೂರ್ತಿಯನ್ನು ಮಾಡುತ್ತಾರೆ. ಹೂವು, ಧೂಪ, ಅಗ್ನಿ, ಜಲತರ್ಪಣಗಳಿಂದ ಪೂಜಿಸುತ್ತಾರೆ. ಒಮ್ಮೆ ಉಪವಾಸ, ಒಮ್ಮೆ ಮಿತಾಹಾರ, ಮನಸ್ಸನ್ನು ದೇವಿಯಲ್ಲಿ ನಿಲ್ಲಿಸುವ ಅಭ್ಯಾಸ, ಜಪ. ಹೀಗೆ ಮೂರು ವರ್ಷ. ಆ ತಪಸ್ಸಿನ ಉಗ್ರವಾದ ಭಾಗವನ್ನು ಗೃಹಸ್ಥರು ಅನುಕರಿಸಬೇಕಾಗಿಲ್ಲ. ಗ್ರಹಿಸಬೇಕಾದದ್ದು ಅದರ ಕ್ರಮವನ್ನು. ಕೈಗೆ ಒಂದು ಕೆಲಸ, ಹೊಟ್ಟೆಗೆ ಒಂದು ಮಿತಿ, ನಾಲಗೆಗೆ ಒಂದು ನಾಮ, ದಿನಕ್ಕೆ ಒಂದು ಹೊತ್ತು. ಇವುಗಳಿಂದಲೇ ಮನಸ್ಸು ದಾರಿಗೆ ಬಂದಿತು.

ಪತಂಜಲಿ ಮಹರ್ಷಿಗಳ ಯೋಗಸೂತ್ರವೂ ಇದೇ ದಾರಿಯನ್ನು ಸೂಚಿಸುತ್ತದೆ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂದು ಅವರು ಐದು ನಿಯಮಗಳನ್ನು ಎಣಿಸಿದ್ದಾರೆ. ಇಲ್ಲಿ ಸಂತೋಷವೆಂದರೆ ಹಿಗ್ಗಲ್ಲ, ಇದ್ದುದರಲ್ಲಿ ತೃಪ್ತಿ. ಅದನ್ನು ಅವರು ಫಲಗಳ ಪಟ್ಟಿಯಲ್ಲಿ ಸೇರಿಸದೆ ನಿಯಮಗಳ ಪಟ್ಟಿಯಲ್ಲಿ ಸೇರಿಸಿದರು. ಸ್ನಾನದಂತೆ ತೃಪ್ತಿಯೂ ಪ್ರತಿದಿನ ಮಾಡಬೇಕಾದದ್ದು. ನಿನ್ನೆಯ ಸ್ನಾನ ಇಂದಿಗೆ ಸಾಲದು. ನಿನ್ನೆಯ ತೃಪ್ತಿಯೂ ಅಷ್ಟೇ.

ದೇವಿಯ ರೂಪಗಳು, ದಿನದ ವಿಧಿಗಳು

ದೇವೀಮಹಾತ್ಮೆಯ ಐದನೆಯ ಅಧ್ಯಾಯದಲ್ಲಿ ದೇವತೆಗಳು ಮಾಡುವ ಸ್ತುತಿ ಬಹು ಪ್ರಸಿದ್ಧವಾದದ್ದು. ಸಕಲ ಜೀವಿಗಳಲ್ಲಿ ದೇವಿಯು ಯಾವ ಯಾವ ರೂಪದಲ್ಲಿ ನೆಲಸಿದ್ದಾಳೆಂದು ಅಲ್ಲಿ ಒಂದೊಂದಾಗಿ ಹೇಳಿ ನಮಸ್ಕರಿಸಲಾಗಿದೆ. ಶಕ್ತಿ, ಶ್ರದ್ಧೆ, ದಯೆಗಳು ದೇವಿಯ ರೂಪಗಳೆಂದರೆ ಯಾರಿಗೂ ಆಶ್ಚರ್ಯವಿಲ್ಲ. ಆದರೆ ನಿದ್ರೆ, ಹಸಿವು, ತೃಷ್ಣೆ, ವೃತ್ತಿ, ಸ್ಮೃತಿ, ತುಷ್ಟಿ ಇವುಗಳೂ ಅದೇ ಸ್ತುತಿಯಲ್ಲಿವೆ. ಮುಪ್ಪಿನಲ್ಲಿ ಮನುಷ್ಯನನ್ನು ಕಾಡುವುವು ಇವೇ ಅಲ್ಲವೇ? ಕಾಡುವ ವಸ್ತುವನ್ನೇ ದೇವಿಯೆಂದು ಕಂಡು ಉಪಚರಿಸುವುದಾದರೆ ದಿನಚರಿಯೇ ಪೂಜೆಯಾಗುತ್ತದೆ.

ಮೊದಲನೆಯದು ನಿದ್ರೆ. ವಯಸ್ಸಾದಂತೆ ನಿದ್ರೆ ತೆಳುವಾಗುವುದು, ನಸುಕಿನಲ್ಲೇ ಎಚ್ಚರವಾಗುವುದು ಸಹಜ. ಅದನ್ನು ಶಾಪವೆಂದು ಭಾವಿಸಿ ಹಾಸಿಗೆಯಲ್ಲಿ ಹೊರಳುತ್ತ ಹಳೆಯ ವ್ಯಾಜ್ಯಗಳನ್ನು ನೆನೆಯುವುದರ ಬದಲು, ಸೂರ್ಯೋದಯಕ್ಕೆ ಮುಂಚಿನ ಹೊತ್ತು ಬ್ರಾಹ್ಮೀ ಮುಹೂರ್ತವೆಂಬುದನ್ನು ಸ್ಮರಿಸಿ ಎದ್ದು ಕೂರಬಹುದು. ಮುಖ ತೊಳೆದು, ಮನೆಯವರ ನಿದ್ರೆ ಕೆಡದಂತೆ ಮನಸ್ಸಿನಲ್ಲಿಯೇ ನೂರೆಂಟು ನಾಮ ಹೇಳಿಕೊಂಡರೆ ಆ ಹೊತ್ತು ಸಾರ್ಥಕ. ಹಗಲಿನ ನಿದ್ರೆ ಅರ್ಧ ಗಂಟೆಯನ್ನು ಮೀರದಿರಲಿ. ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ನಡಿಗೆ ಇರಲಿ. ರಾತ್ರಿಯ ನಿದ್ರೆಗೆ ಎರಡೂ ಸಹಾಯಕ.

ಎರಡನೆಯದು ಹಸಿವು. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ಹೊತ್ತಿಗೆ ಸರಿಯಾಗಿ ಹಿತವಾದುದನ್ನು ಮಿತವಾಗಿ ಉಣ್ಣುವುದು ಹಿರಿಯರಿಗೆ ಉತ್ತಮ ವ್ರತ. ನವರಾತ್ರಿಯ ಉಪವಾಸದ ಪ್ರಶ್ನೆಯೂ ಇಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆಗೆ ಔಷಧ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆಯ ಅಂಶ ಅಪಾಯಕರವಾಗಿ ಇಳಿಯಬಹುದು. ಹಸಿವು ದೇವಿಯ ರೂಪವಾದ ಮೇಲೆ ದೇಹಕ್ಕೆ ಬೇಕಾದ ಅನ್ನವೂ ನೈವೇದ್ಯವೇ. ಹಾಗಾಗಿ ಅಂಥವರು ಉಂಡು ಪೂಜಿಸುವುದರಲ್ಲಿ ಲೋಪವಿಲ್ಲ.

ಮೂರನೆಯದು ತೃಷ್ಣೆ. ಈ ಮಾತಿಗೆ ಬಾಯಾರಿಕೆಯೆಂದೂ ಆಸೆಯೆಂದೂ ಎರಡು ಅರ್ಥ. ಮುಪ್ಪಿನಲ್ಲಿ ಇವೆರಡರ ಗತಿ ಬೇರೆ ಬೇರೆ. ದೇಹದ ಬಾಯಾರಿಕೆ ಕುಂದುತ್ತದೆ. ಮನಸ್ಸಿನ ಬಾಯಾರಿಕೆ ಕುಂದುವುದಿಲ್ಲ. ಹಿರಿಯರಿಗೆ ನೀರು ಬೇಕಾದಾಗಲೂ ಬೇಕೆನಿಸದಿರುವುದುಂಟು. ಆದುದರಿಂದ ಒಂದು ತಂಬಿಗೆಯಲ್ಲಿ ನೀರಿಟ್ಟುಕೊಂಡು ನೆನಪಿನಿಂದ ಕುಡಿಯುವುದು ಒಳ್ಳೆಯ ಅಭ್ಯಾಸ. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿಗೆ ಮಿತಿಯುಳ್ಳವರು ಆ ಮಿತಿಯನ್ನೇ ಪಾಲಿಸಬೇಕು. ಇನ್ನು ಮನಸ್ಸಿನ ತೃಷ್ಣೆಗೆ ಒಂದು ಸುಲಭವಾದ ಸಾಧನೆಯುಂಟು. ದಿನಕ್ಕೊಮ್ಮೆ, ಕೇಳಬಹುದಾದ ಒಂದನ್ನು ಕೇಳದೆ ಬಿಡುವುದು. ಕಾಫಿ ತಡವಾದರೆ ಅದರ ಮಾತೆತ್ತದೆ ಇರುವುದು; ಮೊಮ್ಮಗನ ಪರೀಕ್ಷೆಯ ಸಮಯದಲ್ಲಿ ದೂರದರ್ಶನವನ್ನು ತಾವಾಗಿಯೇ ಆರಿಸುವುದು. ಯಾರೂ ಹೇಳದೆ ಬಿಟ್ಟದ್ದು ತ್ಯಾಗ. ಹೇಳಿಸಿಕೊಂಡು ಬಿಟ್ಟದ್ದು ಅಪಮಾನ. ಬಿಟ್ಟ ವಸ್ತು ಒಂದೇ ಆದರೂ ಫಲ ಬೇರೆ.

ನಾಲ್ಕನೆಯದು ವೃತ್ತಿ. ನೌಕರಿಯಿಂದ ನಿವೃತ್ತಿಯುಂಟು, ಕಾಯಕದಿಂದ ನಿವೃತ್ತಿಯಿಲ್ಲ. 12ನೆಯ ಶತಮಾನದ ಬಸವಾದಿ ಶರಣರು ದುಡಿಮೆಯನ್ನೇ ಪೂಜೆಯ ಮಟ್ಟಕ್ಕೆ ಏರಿಸಿದರು. ಹತ್ತಿರದ ಕಾಲದ ನಿದರ್ಶನ ಬೇಕಾದರೆ ಸರ್ ಎಂ. ವಿಶ್ವೇಶ್ವರಯ್ಯನವರಿದ್ದಾರೆ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು ಹೊರನಾಡ ಕನ್ನಡಿಗರಲ್ಲಿ ಹಿರಿಯರೇ ಸರಿ. ತಮ್ಮ ವೃತ್ತಿಜೀವನದ ನೆನಪುಗಳ ಇಂಗ್ಲಿಷ್ ಗ್ರಂಥವನ್ನು ಅವರು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ ಪ್ರಕಟಿಸಿದರು. ಅಂಥ ಮಹತ್ಕಾರ್ಯ ಎಲ್ಲರಿಗೂ ಸಾಧ್ಯವಲ್ಲ. ಆದರೆ ಹೂಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು, ಸೊಪ್ಪು ಬಿಡಿಸುವುದು, ಕುಂಡದ ತುಳಸಿಗೆ ನೀರೆರೆಯುವುದು ಯಾರಿಗೂ ಅಸಾಧ್ಯವಲ್ಲ. ದಿನವೂ ತನ್ನದೇ ಆದ ಒಂದು ಕೆಲಸ ಇರಬೇಕು. ಅದನ್ನು ತಾನು ಮಾಡದಿದ್ದರೆ ಮನೆಯಲ್ಲಿ ಯಾರಿಗಾದರೂ ಅದರ ಕೊರತೆ ತಿಳಿಯುವಂತಿರಬೇಕು. ಮನೆಯ ಕಿರಿಯರೂ ಹಿರಿಯರ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳುವುದನ್ನೇ ಸೇವೆಯೆಂದು ಭಾವಿಸಬಾರದು. ಆಯುಧಪೂಜೆಯ ದಿನ ಆಯುಧಗಳಿಗೆ ಒಂದು ದಿನದ ವಿಶ್ರಾಂತಿ. ಮರುದಿನ ಅವು ಮತ್ತೆ ಕೆಲಸಕ್ಕೆ ಬರುತ್ತವೆ.

ಐದನೆಯದು ಸ್ಮೃತಿ. ನೆನಪು ಮುಪ್ಪಿನ ದೊಡ್ಡ ಆಸ್ತಿ. ಅದನ್ನು ಖರ್ಚು ಮಾಡುವ ರೀತಿಯಲ್ಲಿ ಸುಖದುಃಖಗಳಿವೆ. ಡಿ.ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ತಮ್ಮ ಕಾಲದ ನೆನಪುಗಳನ್ನು ಬರೆದಿಟ್ಟರು. ಅಲ್ಲಿ ಮುಖ್ಯರಾಗಿರುವವರು ಅವರಲ್ಲ. ಅವರು ಕಂಡು ಗೌರವಿಸಿದ ಪಂಡಿತರು, ಕಲಾವಿದರು, ಸಾಮಾನ್ಯ ಜನರು. ತನಗಾದ ಅನ್ಯಾಯಗಳನ್ನು ನೆನೆಯುವ ಸ್ಮೃತಿ ಮನಸ್ಸನ್ನು ಸುಡುತ್ತದೆ. ತನಗೆ ಉಪಕಾರ ಮಾಡಿದವರನ್ನು ನೆನೆಯುವ ಸ್ಮೃತಿ ತಂಪೆರೆಯುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅಂಥ ಒಬ್ಬರ ವಿಷಯವನ್ನು ಮೊಮ್ಮಕ್ಕಳಿಗೆ ಹೇಳುವ ಪದ್ಧತಿ ಇಟ್ಟುಕೊಂಡರೆ, ಪರಭಾಷೆಯ ನಡುವೆ ಬೆಳೆಯುವ ಮಕ್ಕಳ ಕಿವಿಗೆ ಹತ್ತು ನಿಮಿಷ ಕನ್ನಡವೂ ಬೀಳುತ್ತದೆ. ಅದನ್ನು ಉಪದೇಶವಾಗಿ ಹೇಳದೆ ಕಥೆಯಾಗಿ ಹೇಳಿದರೆ ಮಕ್ಕಳು ನಾಳೆಯೂ ಬಂದು ಕೂರುತ್ತಾರೆ.

ಭ್ರಾಂತಿಯೂ ದೇವಿಯೇ

ಆ ಸ್ತುತಿಯಲ್ಲಿ ಸ್ಮೃತಿಯ ನಂತರ ದಯೆ, ಅದರ ನಂತರ ತುಷ್ಟಿ, ಅನಂತರ ತಾಯಿಯ ರೂಪ, ಆಮೇಲೆ ಭ್ರಾಂತಿ ಬರುತ್ತವೆ. ಭ್ರಾಂತಿಯೂ ದೇವಿಯ ರೂಪವೆಂದು ಕೇಳಿದಾಗ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಆದರೆ ಮನೆಯ ಹಿರಿಯರು ಇಂದು ಯಾವ ವಾರವೆಂಬುದನ್ನು ಮರೆತಾಗ, ಊಟ ಮಾಡಿ ಊಟವಾಗಿಲ್ಲವೆಂದಾಗ, ಮಗಳನ್ನು ತಂಗಿಯೆಂದು ಕರೆದಾಗ ಈ ಮಾತಿನ ಅರ್ಥ ತಿಳಿಯುತ್ತದೆ. ಇಂಥ ಮರೆವು ಹಟವಲ್ಲ, ನಟನೆಯಲ್ಲ. ಅನೇಕ ವೇಳೆ ಅದು ಮಿದುಳಿನ ಕಾಯಿಲೆ. ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಮರೆವಿನ ಕೆಲವು ಕಾರಣಗಳಿಗೆ ಚಿಕಿತ್ಸೆಯೂ ಉಂಟು. ಗುಣವಾಗದ ಮರೆವಿನಲ್ಲಿ ಹಿರಿಯರು ತಮ್ಮ ವ್ರತವನ್ನು ತಾವೇ ನಡೆಸಲಾರರು. ಆಗ ಅದು ಮನೆಯವರ ವ್ರತವಾಗುತ್ತದೆ. ಅದೇ ಹೊತ್ತಿಗೆ ಸ್ನಾನ, ಅದೇ ಜಾಗದಲ್ಲಿ ಊಟ, ಅದೇ ದೀಪ, ಅದೇ ಹಾಡು. ಹೆಸರುಗಳು ಮರೆತುಹೋದ ಮೇಲೆಯೂ ಹಳೆಯ ದೇವರನಾಮದ ಧಾಟಿಯನ್ನು ಗುರುತಿಸಿ ತಲೆದೂಗುವ ಹಿರಿಯರುಂಟು. ಹತ್ತನೆಯ ಸಲ ಕೇಳಿದ ಪ್ರಶ್ನೆಗೆ ಮೊದಲನೆಯ ಸಲದಂತೆಯೇ ಉತ್ತರ ಕೊಡುವ ಮಗನೋ ಸೊಸೆಯೋ ಭ್ರಾಂತಿರೂಪಿಣಿಯಾದ ತಾಯಿಗೆ ಅರ್ಚನೆಯನ್ನೇ ಸಲ್ಲಿಸುತ್ತಿರುತ್ತಾರೆ.

ಎರಡು ವರಗಳು

ಮೂರು ವರ್ಷಗಳ ಬಳಿಕ ದೇವಿ ಪ್ರತ್ಯಕ್ಷಳಾದಳು. ಸುರಥನು ಕಳೆದುಹೋದ ರಾಜ್ಯವನ್ನು ಬೇಡಿದನು. ದೇವಿ ಅವನನ್ನು ಹಳಿಯಲಿಲ್ಲ. ರಾಜ್ಯವನ್ನು ಕೊಟ್ಟಳು, ಮುಂದಿನ ಜನ್ಮದಲ್ಲಿ ಸಾವರ್ಣಿ ಮನುವಾಗುವ ಭಾಗ್ಯವನ್ನೂ ಕೊಟ್ಟಳು. ಸಮಾಧಿಯಾದರೋ ‘ನಾನು’, ‘ನನ್ನದು’ ಎಂಬ ಅಂಟನ್ನು ಬಿಡಿಸುವ ಜ್ಞಾನವನ್ನು ಬೇಡಿದನು. ಅದೂ ಅವನಿಗೆ ದೊರೆಯಿತು. ಮಕ್ಕಳು ಬಂದು ಕ್ಷಮೆ ಕೇಳಿದರೆಂದಾಗಲಿ, ಮನೆಗೆ ಕರೆದೊಯ್ದರೆಂದಾಗಲಿ ಪುರಾಣದಲ್ಲಿಲ್ಲ. ಅವನ ಶಾಂತಿಗೆ ಅದರ ಅವಶ್ಯಕತೆಯೇ ಉಳಿಯಲಿಲ್ಲ. ಹೊರಗಿನವರು ಬದಲಾದ ಮೇಲೆ ಬರುವ ನೆಮ್ಮದಿ ಅವರ ಅಧೀನ. ತಾನು ದಿನವೂ ನಡೆಸಿದ ನಿಯಮದಿಂದ ಬರುವ ನೆಮ್ಮದಿ ತನ್ನ ಅಧೀನ.

ಊರಿಗೆ ಮರಳಿ ಹೋಗಿ ಸ್ವಂತ ಮನೆಯಲ್ಲಿರಬೇಕೆಂದು ಬಯಸುವ ಹಿರಿಯರ ಆಸೆಯೂ ಸುರಥನ ಬೇಡಿಕೆಯಂತೆ ತಪ್ಪಾದುದಲ್ಲ. ಅದು ನೆರವೇರಬಹುದು, ನೆರವೇರದೆಯೂ ಇರಬಹುದು. ಆದರೆ ನದೀತೀರದ ಆ ವ್ರತ ಅರಸನಿಗೂ ವೈಶ್ಯನಿಗೂ ಒಂದೇ ಆಗಿತ್ತು. ಎಲ್ಲಿದ್ದರೂ ಅದನ್ನು ಇಂದೇ ಆರಂಭಿಸಬಹುದು. ನದಿ ಇಲ್ಲದಿದ್ದರೆ ತಂಬಿಗೆಯ ನೀರಿದೆ. ಎಲೆ, ಹೂವು, ಹಣ್ಣು, ನೀರು ಯಾವುದನ್ನು ಭಕ್ತಿಯಿಂದ ಕೊಟ್ಟರೂ ಭಗವಂತ ಸ್ವೀಕರಿಸುವನೆಂದು ಗೀತೆಯೇ ಭರವಸೆ ಕೊಟ್ಟಿದೆ.

ವಿಜಯದಶಮಿಯ ಸಂಜೆ ಕರ್ನಾಟಕದಲ್ಲಿ ಕಿರಿಯರು ಬನ್ನಿಯ ಎಲೆಗಳನ್ನು ಬಂಗಾರವೆಂದು ಹಿರಿಯರ ಕೈಗಿತ್ತು ಆಶೀರ್ವಾದ ಪಡೆಯುತ್ತಾರೆ. ಮುಂಬಯಿ ಪುಣೆಗಳಲ್ಲಿ ಆಪಟಾ ಗಿಡದ ಎಲೆ ಅದೇ ರೀತಿ ಸೋನೆಯೆಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಎಲೆಯನ್ನು ಬಂಗಾರವಾಗಿ ಕಾಣುವ ಆ ಕಣ್ಣೇ ತುಷ್ಟಿ. ವರ್ಷಕ್ಕೊಂದು ದಿನ ತೆರೆಯುವ ಆ ಕಣ್ಣು ದಿನದಿನವೂ ತೆರೆಯುವಂತೆ, ತುಷ್ಟಿರೂಪಿಣಿಯಾದ ಜಗನ್ಮಾತೆ ಪ್ರತಿ ಮನೆಯ ಹಿರಿಯರನ್ನೂ, ಅವರನ್ನು ನೋಡಿಕೊಳ್ಳುವ ಕಿರಿಯರನ್ನೂ ಹರಸಲಿ.